ಮೇ ತಿಂಗಳಲ್ಲಿ ದಕ್ಷಿಣ ಸ್ಪೇನ್‌ಗೆ ಹೋಗುವವರು ಆಲಿವ್ ಪರಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ

ಕೊರ್ದೊಬಾದಲ್ಲಿ ಮೇ ಮೊದಲ ಎರಡು ವಾರ ಪಾತಿಯೋ ಹಬ್ಬ. ಹಳೇ ಮನೆಗಳವರು ಒಳಅಂಗಳದ ಬಾಗಿಲು ತೆರೆದಿಡುತ್ತಾರೆ, ಬಿಳಿ ಗೋಡೆ ತುಂಬಾ ಹೂಕುಂಡ ನೇತುಹಾಕಿರುತ್ತಾರೆ, ನೋಡೋಕೆ ದುಡ್ಡು ಕೊಡಬೇಕಿಲ್ಲ. 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಎಲ್ಲ ಸರಿ, ಆದರೆ ಸುತ್ತಮುತ್ತಲ ಆಲಿವ್ ತೋಟಗಳು ಹೂ ಬಿಡುವುದೂ ಅದೇ ಹೊತ್ತಿಗೆ.

ನಾವಿರುವುದು ಜರ್ಮನಿಯಲ್ಲಿ. ನಮ್ಮ ಮನೆಯವರಿಗೆ ಇಲ್ಲಿನ ಆಶ್ ಮರದ ಪರಾಗ ಆಗುವುದಿಲ್ಲ, ಪ್ರತಿ ಏಪ್ರಿಲ್‌ನಲ್ಲೂ ಸೀನು, ಕಣ್ಣುರಿ. ಸ್ಪೇನ್‌ಗೆ ಹೊರಟಿದ್ದೇವೆ ಅಂದಾಗ ಅವರ ಡಾಕ್ಟರ್ ಮೊದಲು ಕೇಳಿದ್ದೇ ಯಾವ ತಿಂಗಳು ಅಂತ. ಆಶ್, ಆಲಿವ್, ನಮ್ಮ ಮಲ್ಲಿಗೆ ಎಲ್ಲ ಒಂದೇ ಕುಟುಂಬದವು. ಆಶ್ ಮತ್ತು ಆಲಿವ್ ಪರಾಗದಲ್ಲಿ ಅಲರ್ಜಿ ಎಬ್ಬಿಸುವ ಮುಖ್ಯ ಪ್ರೋಟೀನ್ ಎಷ್ಟು ಹತ್ತಿರದ್ದು ಅಂದರೆ, ಒಂದಕ್ಕೆ ಕೆರಳುವ ಮೂಗು ಇನ್ನೊಂದನ್ನು ಮೊದಲ ಸಲ ಕಂಡರೂ ಬಿಡುವುದಿಲ್ಲ. ಅದಕ್ಕೇ ಯುರೋಪಿನಲ್ಲಿ ನೆಲೆಸಿರುವ ನಮ್ಮಂಥವರಿಗೆ ಈ ಬರಹ ಜಾಸ್ತಿ ಉಪಯೋಗ. ಬೆಂಗಳೂರಿನಿಂದ ನೇರ ಬರುವವರ ದೇಹಕ್ಕೆ ಆಲಿವ್ ಪರಾಗದ ಪರಿಚಯವೇ ಇರುವುದಿಲ್ಲ, ಒಂದು ವಾರದ ಪ್ರವಾಸದಲ್ಲಿ ಹೊಸದಾಗಿ ಅಲರ್ಜಿ ಹುಟ್ಟುವುದು ಅಪರೂಪ. ಆದರೆ ಉಬ್ಬಸ ಇರುವವರು ಇನ್‌ಹೇಲರ್ ಬಿಟ್ಟು ಬರಬೇಡಿ, ಅಲ್ಲಿ ಹುಲ್ಲಿನ ಪರಾಗದ ಕಾಟವೂ ಮೇ ತಿಂಗಳಲ್ಲೇ.

ಕೊರ್ದೊಬಾ ಪೇಟೆಯೊಳಗೆ ಇವರು ಹೇಗೋ ಸುಧಾರಿಸಿಕೊಂಡರು. ಕಷ್ಟ ಶುರುವಾಗಿದ್ದು ಅಲ್ಲಿಂದ ಗ್ರನಾಡಾಕ್ಕೆ ಬಯೇನಾ ಮೇಲೆ ಹೋಗುವ ರಸ್ತೆಯಲ್ಲಿ. ಕಣ್ಣು ಹಾಯಿಸಿದಷ್ಟು ದೂರವೂ ಸಾಲುಸಾಲು ಆಲಿವ್. ಒಂದು ಕಡೆ ಕಾರು ನಿಲ್ಲಿಸಿ ನಾನೊಬ್ಬಳೇ ಇಳಿದು ನೋಡಿದೆ. ಹೂವು ಸಣ್ಣದು, ಕೆನೆ ಬಣ್ಣ, ನಾಲ್ಕೇ ಎಸಳು, ಗೊಂಚಲು ಗೊಂಚಲಾಗಿ ಎಲೆಯ ಬುಡದಲ್ಲಿ. ರೆಂಬೆಯನ್ನು ಬೆರಳಲ್ಲಿ ತಟ್ಟಿದರೆ ಸಾಕು, ಹಳದಿ ಪುಡಿ ಹೊಗೆಯ ಹಾಗೆ ಏಳುತ್ತದೆ. ಆಲಿವ್‌ಗೆ ಜೇನುಹುಳುವಿನ ಹಂಗಿಲ್ಲ, ಎಲ್ಲ ಗಾಳಿಯದೇ ಕೆಲಸ, ಹಾಗಾಗಿ ಒಂದೊಂದು ಮರವೂ ಲೆಕ್ಕವಿಲ್ಲದಷ್ಟು ಪರಾಗ ಉದುರಿಸುತ್ತದೆ. ಪಕ್ಕದ ಹಾಯೆನ್ ಪ್ರಾಂತ್ಯ ಒಂದರಲ್ಲೇ 6 ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ, ಯೋಚನೆ ಮಾಡಿ. ಅಲ್ಲಿನ ಅಳತೆಯಲ್ಲಿ ಒಂದು ಘನ ಮೀಟರ್ ಗಾಳಿಗೆ 200 ಕಣ ದಾಟಿದರೇ ಜಾಸ್ತಿ ಅಂತ ಲೆಕ್ಕ, ಹಾಯೆನ್‌ನಲ್ಲಿ ಹೂವಿನ ಭರಾಟೆಯ ದಿನಗಳಲ್ಲಿ ಅದು ಸಾವಿರಗಳಿಗೆ ಹೋಗುತ್ತದೆ. ನಾನು ವಾಪಸ್ ಕಾರಿಗೆ ಹತ್ತಿದ ಮೇಲೆ ನನ್ನ ದುಪಟ್ಟಾದಿಂದಲೇ ಇವರಿಗೆ ಸೀನು ಶುರು!

ಆದ್ದರಿಂದ ಅಲರ್ಜಿ ಇರುವವರು ಕೊರ್ದೊಬಾದಿಂದ ಗ್ರನಾಡಾಕ್ಕೆ ರೈಲಿನಲ್ಲೇ ಹೋಗಿ. ಒಂದೂವರೆ ಗಂಟೆ ಚಿಲ್ಲರೆ, ಕಿಟಕಿ ತೆಗೆಯುವ ಪ್ರಶ್ನೆಯೇ ಇಲ್ಲ. ಕಾರೇ ಬೇಕು ಅಂದರೆ ಗಾಜು ಏರಿಸಿ, ಎಸಿಯನ್ನು ಒಳಗಿನ ಗಾಳಿಯೇ ಸುತ್ತುವ ಹಾಗೆ ಇಟ್ಟುಕೊಳ್ಳಿ. ಊಬೆದಾ, ಬಯೇಸಾ ಚೆಂದದ ಊರುಗಳೇ, ಎರಡೂ ಯುನೆಸ್ಕೋ ಪಟ್ಟಿಯಲ್ಲಿವೆ, ಆದರೆ ಆಲಿವ್ ಸಮುದ್ರದ ನಟ್ಟನಡುವೆ ಇವೆ. ಮೇನಲ್ಲಿ ನಾವು ಅವನ್ನು ಬಿಟ್ಟೇಬಿಟ್ಟೆವು, ಬೇಸರವೇನೂ ಇಲ್ಲ.

ಮಾತ್ರೆಯ ವಿಷಯ. ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಇವತ್ತು ಹಾಕಿದರೆ ಇವತ್ತೇ ಪೂರ್ತಿ ಕೆಲಸ ಮಾಡುವುದಿಲ್ಲ, ಹೊರಡುವ ಒಂದೆರಡು ವಾರ ಮೊದಲೇ ಡಾಕ್ಟರನ್ನು ಕೇಳಿ ಶುರು ಮಾಡಿ. ಸೆಟ್ರಿಜಿನ್ ಅಲ್ಲಿ ಹಸಿರು ಪ್ಲಸ್ ಗುರುತಿನ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಕೆಲವರಿಗೆ ನಿದ್ದೆ ತರಿಸುತ್ತದೆ, ಕಾರು ಓಡಿಸುವವರು ನೋಡಿಕೊಳ್ಳಿ. ಇನ್‌ಹೇಲರ್‌ಗೆ ಮಾತ್ರ ಚೀಟಿ ಬೇಕು, ಅದನ್ನು ಕೈಚೀಲದಲ್ಲೇ ಇಡಿ. ಉಸಿರಾಟ ಕಷ್ಟವಾಗಿ ಇನ್‌ಹೇಲರ್‌ಗೂ ಜಗ್ಗದಿದ್ದರೆ 112ಕ್ಕೆ ಫೋನ್ ಮಾಡಿ, ಹೋಟೆಲ್‌ಗೆ ಹೋಗಿ ಮಲಗಿದರೆ ಸರಿಹೋಗುತ್ತದೆ ಅಂತ ಸುಮ್ನೆ ಕಾಯಬೇಡಿ.

ಹೊರಗೆ ತಿರುಗುವಾಗ ಎಫ್‌ಎಫ್‌ಪಿ2 ಮಾಸ್ಕ್ (ನಮ್ಮ ಎನ್95ರಂಥದ್ದು), ದೊಡ್ಡ ತಂಪು ಕನ್ನಡಕ. ರಾತ್ರಿ ತಲೆಗೆ ಸ್ನಾನ ಮಾಡಿಯೇ ಮಲಗಿ, ಇಲ್ಲದಿದ್ದರೆ ದಿಂಬಿಗೆಲ್ಲ ಪರಾಗ. ಒಗೆದ ಬಟ್ಟೆ ಬಾಲ್ಕನಿಯಲ್ಲಿ ಹರವಬೇಡಿ. ಮಳೆ ಬಿದ್ದ ದಿನ ಗಾಳಿ ತೊಳೆದಂತಿರುತ್ತದೆ, ಬಯಲಲ್ಲಿ ಓಡಾಡುವುದನ್ನೆಲ್ಲ ಅವತ್ತಿಗೇ ಇಟ್ಟುಕೊಳ್ಳಿ. ಸ್ಪೇನ್‌ನ ಅಲರ್ಜಿ ತಜ್ಞರ ಸಂಘದವರು ಊರೂರಿನ ಪರಾಗದ ಅಂಕಿ ಪ್ರಕಟಿಸುತ್ತಾರೆ, ನಾವು ಬೆಳಿಗ್ಗೆ ಕಾಫಿ ಜೊತೆ ಅದನ್ನೇ ನೋಡುತ್ತಿದ್ದೆವು. ಅಂದಹಾಗೆ, ಆಲಿವ್ ಎಣ್ಣೆ ತಿನ್ನೋಕೆ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ, ಇವರು ದಿನಾ ಬೆಳಿಗ್ಗೆ ಟೋಸ್ಟ್ ಮೇಲೆ ಟೊಮೆಟೊ ಹಚ್ಚಿ ಮೇಲೆ ಎಣ್ಣೆ ಸುರಿದುಕೊಂಡೇ ತಿಂದರು.

ಪಾತಿಯೋ ಹಬ್ಬವೇ ಬೇಕು ಅನ್ನುವ ಹಟ ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಹೋಗಿ. ಆಲಿವ್ ಪರಾಗವೂ ಇಲ್ಲ, ಬಿಸಿಲೂ ಹಿತ. ನವೆಂಬರ್ ಕಳೆದ ಮೇಲಾದರೆ ಆಲಿವ್ ಕಾಯಿ ಕೊಯ್ಲೂ ನೋಡಬಹುದು. ಜೂನ್ ಕೊನೆಗೆ ಹೂವೇನೋ ಮುಗಿದಿರುತ್ತದೆ, ಆದರೆ ಕೊರ್ದೊಬಾದಲ್ಲಿ ಆಗ 40 ಡಿಗ್ರಿ ಮುಟ್ಟುವುದುಂಟು, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೇಡ.