ಎರಡು ಮಾತು ಚೀನೀ ಕಲಿತದ್ದೇ ತಪ್ಪಾಯಿತು

ದಕ್ಷಿಣ ಚೀನಾದ ಡಾಂಗ್‌ಗುವಾನ್‌ನ ಮೋಲ್ಡ್ (ಅಚ್ಚು) ಕಾರ್ಖಾನೆಯೊಂದಕ್ಕೆ ಕಂಪನಿ ನನ್ನನ್ನು ಕಳುಹಿಸಿದ್ದು ಸಪ್ಲೈಯರ್ ಕ್ವಾಲಿಟಿ ನೋಡಿಕೊಳ್ಳಲು. ಪಾಸ್‌ಪೋರ್ಟ್ ಅಮೆರಿಕದ್ದು, ಮುಖ ಮೈಸೂರಿನದು. ಹಾಗಾಗಿ ಔತಣದಲ್ಲಿ ಬಾಗಿಲಿಗೆ ಎದುರಾದ ಮುಖ್ಯ ಅತಿಥಿಯ ಕುರ್ಚಿ ನನ್ನ ಕೈಕೆಳಗಿನ ಓಹಾಯೊ ಹುಡುಗನಿಗೆ ಸಿಗುತ್ತಿತ್ತು. ಬೈಜಿಯು ಎಂಬ ಖಡಕ್ ಚೀನೀ ಮದ್ಯದ ಲೋಟಗಳೂ ಅವನಿಗೇ ಮೊದಲು ಬರುತ್ತಿದ್ದುದರಿಂದ ನಾನು ತಕರಾರು ಮಾಡಲಿಲ್ಲ.

2019ರ ಜನವರಿ. 20,000 ಕೋಟಿ ಡಾಲರ್ ಮೌಲ್ಯದ ಚೀನೀ ಸರಕಿನ ಮೇಲೆ ಅಮೆರಿಕ ಹಾಕಿದ್ದ ಸುಂಕ ಮಾರ್ಚ್ ಆರಂಭಕ್ಕೆ ಶೇ. 10ರಿಂದ 25ಕ್ಕೆ ಏರಲಿತ್ತು. ಫೆಬ್ರವರಿ 5ಕ್ಕೆ ಚೀನೀ ಹೊಸ ವರ್ಷ. ಅದಕ್ಕೂ ಮೊದಲೇ ಕಾರ್ಮಿಕರು ಹುನಾನ್, ಸಿಚುವಾನ್ ಕಡೆಯ ರೈಲು ಹತ್ತುತ್ತಾರೆ. ಅಷ್ಟರೊಳಗೆ ಮಾಲು ಯಾಂಟಿಯನ್ ಬಂದರು ಮುಟ್ಟಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ ಕುಳಿತವರು ದಿನಕ್ಕೆ ಮೂರು ಮೇಲ್ ಹಾಕುತ್ತಿದ್ದರು.

ಟಿ2, ಅಂದರೆ ಅಚ್ಚಿನ ಎರಡನೇ ಪ್ರಯೋಗದ, ಸ್ಯಾಂಪಲ್ ಬಂತು. ಕವರ್‌ನ ವಾರ್ಪೇಜ್, ಅಂದರೆ ಸೊಟ್ಟ, 0.4 ಮಿ.ಮೀ., ಒಪ್ಪುವಷ್ಟಲ್ಲ. ಹಿಂದಿನ ವಾರವಷ್ಟೇ ಕಾರ್ಖಾನೆಯ ಹಿರಿಯ ಶಿಫು, ಅಂದರೆ ಮೇಸ್ತ್ರಿ, ‘ಮೇಯ್ ವೆಂತಿ’, ತೊಂದರೆ ಇಲ್ಲ, ಎಂದಿದ್ದರು. ಹೇಳುವ ಮೊದಲು ಹಲ್ಲಿನ ಸಂದಿಯಿಂದ ಒಮ್ಮೆ ಉಸಿರೆಳೆದುಕೊಂಡದ್ದನ್ನು ನೋಡಿಯೂ ಕೆಲಸದ ಪ್ರಗತಿ ಬರೆದಿಡುವ ಟ್ರ್ಯಾಕರ್‌ನಲ್ಲಿ ಹಸಿರು ತುಂಬಿದ್ದೆ. ಹೆಣ್ಣು ನೋಡಲು ಬಂದವರು ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದರೆ ಏನರ್ಥವೆಂದು ಗೊತ್ತಿರುವ ಮನೆಯಲ್ಲಿ ಬೆಳೆದವನು ನಾನು! ಈಗ ‘ಆಗುತ್ತದೆಯೇ’ ಎಂದು ಕೇಳುವುದಿಲ್ಲ. ಯಾವ ದಿನ, ಯಾವ ಮೆಷಿನ್ ಎಂದು ಕೇಳುತ್ತೇನೆ.

ಅಂದು ಮಾತ್ರ ಹತ್ತು ಜನರೆದುರು ಅಳತೆಗಳನ್ನು ಪರದೆಗೆ ಹಾಕಿ ರೇಗಿದೆ. ನನ್ನ ಆರು ವಾಕ್ಯಗಳನ್ನು ದುಭಾಷಿ ಹುಡುಗಿ ಒಂದೂವರೆ ಮಾಡಿ ದಾಟಿಸುತ್ತಿದ್ದಳು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು. ಶಿಫು ಕಡೆ ಬೆರಳು ತೋರಿಸಿ, ಅವರದೇ ಧಾಟಿಯಲ್ಲಿ, ‘ಮೇಯ್ ವೆಂತಿ?’ ಎಂದುಬಿಟ್ಟೆ. ಅದನ್ನು ಮೆದುವಾಗಿಸಲು ಅವಳಿಗೆ ದಾರಿಯೇ ಇರಲಿಲ್ಲ.

ಶಿಫು ನಕ್ಕರು. ಆಮೇಲೆ ಗಾಜಿನ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು. ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಚಹಾ ಮಾತ್ರ ಕುಡಿಯಲಿಲ್ಲ. ಮ್ಯಾನೇಜರ್ ಮೊಬೈಲಿನೊಳಗೆ ತಲೆ ಹುದುಗಿಸಿದರು. ಎರಡು ನಿಮಿಷ ಹೀಗೇ ಕಳೆದಿರಬೇಕು. ಆ ಮುಚ್ಚಳದ ಕಿರಕಿರ ಇನ್ನೂ ಕಿವಿಯಲ್ಲಿದೆ.

ಅಂದಿನಿಂದ ವೀಚ್ಯಾಟ್ ಗುಂಪಿನಲ್ಲಿ ನನ್ನ ಪ್ರತಿ ಪ್ರಶ್ನೆಗೂ ಒಂದೇ ಉತ್ತರ: ‘ಶೌದಾವೊ’, ತಲುಪಿತು. ತಲುಪಿದ್ದಷ್ಟೇ, ಕೆಲಸ ಆಗಲಿಲ್ಲ. ಟಿಕೆಟ್ ಸಿಕ್ಕಿತೆಂದು ಶಿಫು ಊರಿಗೆ ಹೊರಟರು. ಹಡಗು ತಪ್ಪಿತು.

ಫೆಬ್ರವರಿ 24ರಂದು ಟ್ರಂಪ್ ಆ ಏರಿಕೆಯನ್ನೇ ಮುಂದೂಡಿದರು. ಅದು ಜಾರಿಗೆ ಬಂದದ್ದು ಮೇ 10ಕ್ಕೆ. ದಿನಕ್ಕೆ ಮೂರು ಮೇಲ್ ಹಾಕಿದವರು ಆ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ.

ಶಿಫು ಹೊಸ ವರ್ಷದ ಕೊನೆಗೆ ಬರುವ ಲಾಟೀನು ಹಬ್ಬ ಮುಗಿಸಿಕೊಂಡು ಮರಳಿದ್ದರು. ಒಂದು ಪ್ಯಾಕ್ ಸಿಗರೇಟು ಹಿಡಿದು, ದುಭಾಷಿಯನ್ನಷ್ಟೇ ಕರೆದುಕೊಂಡು ಅವರ ಮೆಷಿನ್ ಬಳಿ ಹೋದೆ. ಒಂದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಕವರ್‌ನ ರಿಬ್ (ಬಲಕ್ಕಾಗಿ ಇಡುವ ಉಬ್ಬುಪಟ್ಟಿ) ಮೇಲೆ ಉಗುರು ಎಳೆದರು. ಇಲ್ಲಿ ದಪ್ಪ ಹೆಚ್ಚು, ತಣಿಯುವಾಗ ಇಲ್ಲಿಂದಲೇ ಸೊಟ್ಟಗಾಗುತ್ತದೆ. ಡ್ರಾಯಿಂಗ್ ನಮ್ಮ ಕಂಪನಿಯದೇ. ಡಿಸೆಂಬರಿನಲ್ಲೇ ಗುಂಪಿನಲ್ಲಿ ಬರೆದಿದ್ದರಂತೆ. ಹುಡುಕಿದೆ. ಮೂರು ಸಾಲು ಚೀನೀ ಲಿಪಿ. ಅದರ ಕೆಳಗೆ, ಅನುವಾದದ ಗುಂಡಿ ಒತ್ತದೆ ನಾನು ಕಳುಹಿಸಿದ್ದ ಹೆಬ್ಬೆರಳಿನ ಚಿತ್ರ.