ಕೊಪ್ಪಳದಲ್ಲಿ ರೊಟ್ಟಿ ಸಪ್ಪಳ ಕೇಳಿದ ಎರಡು ದಿನ

ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆ ಬಿಟ್ಟು ತುಂಗಭದ್ರೆಯ ಸೇತುವೆ ಮೇಲೆ ಸಾಗುವಾಗ ಎಚ್ಚರವಾಯಿತು. ಮುನಿರಾಬಾದ್ ಆಯಿತು, ಗಿಣಿಗೇರಾ ಬಂತು. ಕಾರ್ಖಾನೆ ಚಿಮಣಿಗಳ ಹೊಗೆ ಬೆಳಗಿನ ಬಿಸಿಲಿಗೆ ಅಡ್ಡ ನಿಂತಿತ್ತು. ಕೊಪ್ಪಳದಲ್ಲಿ ಇಳಿದವಳು ಸೀದಾ ಸ್ಟೇಷನ್ ಹೊರಗಿನ ಹೋಟೆಲಿಗೆ ನುಗ್ಗಿ ಒಗ್ಗರಣಿ ಮಿರ್ಚಿ ಹೇಳಿದೆ. ಈ ಕಡೆ ಬಂದು ಬೆಳಿಗ್ಗೆ ಇಡ್ಲಿ ತಿಂದರೆ ಊರಿಗೆ ಬಂದ ಹಾಗೇ ಅನಿಸಲ್ಲ ನನಗೆ.

ಬಂದಿದ್ದು ಎರಡು ದಿನದ ಒಂದು ಸಣ್ಣ ಸಿನಿಮಾ ಉತ್ಸವಕ್ಕೆ. ಸ್ನೇಹಿತರೊಬ್ಬರು ಫೋನಿನಲ್ಲಿ ಕರೆದಿದ್ದರು. ಮೊದಲ ಸಿನಿಮಾ ಮಾಡಿದವರು, ಎಲ್ಲೂ ಪರದೆ ಸಿಗದವರು, ಈ ಕಡೆಯ ಹಳ್ಳಿಗಳ ಹುಡುಗ ಹುಡುಗಿಯರು, ಅವರದ್ದಷ್ಟೇ ಸಿನಿಮಾ. ಪ್ರವೇಶ ಉಚಿತ. ಉತ್ಸವ ನಡೆದಿದ್ದು ಒಂದು ಕಲ್ಯಾಣ ಮಂಟಪದಲ್ಲಿ. ಕಿಟಕಿಗಳಿಗೆಲ್ಲ ಕರಿ ತಾಡಪತ್ರಿ ಹೊಡೆದಿದ್ದರು. 'ವಧುವಿನ ಕೋಣೆ' ಅಂತ ಬೋರ್ಡ್ ಇದ್ದ ರೂಮಿನಲ್ಲಿ ಲ್ಯಾಪ್‌ಟಾಪ್, ವೈರು, ಎರಡು ಹಾರ್ಡ್ ಡಿಸ್ಕ್ ಮತ್ತು ನಿದ್ದೆಗೆಟ್ಟ ಮೂವರು ಹುಡುಗರು. ಊಟಕ್ಕೆ ರೊಟ್ಟಿ ಸುತ್ತಲಿನ ಮನೆಗಳಿಂದ ಬಂದಿದ್ದವು. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಗಾಡಿಗಟ್ಟಲೆ ರೊಟ್ಟಿ ಕಳಿಸುವ ಮಂದಿ ಇವರು. ಇನ್ನೂರು ಜನರ ಊಟ ಇವರಿಗೊಂದು ಲೆಕ್ಕವೇ?

ಶುರುವಿಗೆ ಸಂಘಟಕರೊಬ್ಬರು ಐದೇ ನಿಮಿಷ ಮಾತಾಡಿದರು. ಅಮೆರಿಕದ ಪಾರ್ಕ್ ಸಿಟಿಯ ದೊಡ್ಡ ಉತ್ಸವದಲ್ಲಿ ಜಾಗ ಸಿಗದ ಕೆಲವರು 1995ರಲ್ಲಿ ಅದೇ ಊರಲ್ಲಿ, ಅದೇ ಹೊತ್ತಿಗೆ ತಮ್ಮದೇ ಉತ್ಸವ ಮಾಡಿದರು, ಅದೇ ಸ್ಲ್ಯಾಮ್‌ಡ್ಯಾನ್ಸ್ ಅಂದರು. ಕ್ರಿಸ್ಟೋಫರ್ ನೋಲನ್ ಕೈಕಾಸಿನಲ್ಲಿ ಮಾಡಿದ ಮೊದಲ ಸಿನಿಮಾ 'ಫಾಲೋಯಿಂಗ್' ಅಲ್ಲಿ ತೆರೆ ಕಂಡಿತ್ತು ಅಂದಾಗ ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹೊಡೆದರು. ಆಮೇಲೆ ನಮ್ಮದೇ ಮಾತು. 70ರ ದಶಕದಲ್ಲಿ ಕೆ.ವಿ. ಸುಬ್ಬಣ್ಣ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದ ಜನಕ್ಕೆ ಜಗತ್ತಿನ ಒಳ್ಳೊಳ್ಳೆ ಸಿನಿಮಾ ತೋರಿಸಿದ್ದನ್ನು ನೆನೆದರು. ನಾನು ಕೂತಲ್ಲೇ ಯೋಚಿಸಿದೆ: ಅಲ್ಲಿ ಜಗತ್ತು ಹಳ್ಳಿಗೆ ಬಂದಿತ್ತು. ಇಲ್ಲಿ ಹಳ್ಳಿಯೇ ಸಿನಿಮಾ ತೆಗೆದು, ತಾನೇ ನೋಡೋಕೆ ಕೂತಿದೆ. ಅದು ಜಾಸ್ತಿ ಕಷ್ಟ, ಯಾಕಂದ್ರೆ ನೋಡುವವರಿಗೆ ಎಲ್ಲ ಗೊತ್ತಿರುತ್ತೆ.

ಮೊದಲ ಸಿನಿಮಾ ಲಿಂಗಸುಗೂರು ಕಡೆಯ ಹುಡುಗನದ್ದು. ಒಂಬತ್ತು ನಿಮಿಷ, ಪೂರ್ತಿ ಫೋನಿನಲ್ಲಿ ತೆಗೆದದ್ದು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದ ಮನೆಗಳ ಬಾಗಿಲು, ಬೀಗ. ಒಂದೇ ಓಣಿಯ ಬೀಗಗಳು ಒಂದಾದ ಮೇಲೊಂದು ಬರುತ್ತವೆ, ನಡುವೆ ಒಬ್ಬ ಮುದುಕ ಕಟ್ಟೆ ಮೇಲೆ ಕೂತು ಬೀಡಿ ಸೇದುತ್ತಾನೆ, ಅಷ್ಟೇ. ಒಂದು ಬೀಗಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ್ದರು, ಮಳೆಗೆ ತುಕ್ಕು ಹಿಡಿಯಬಾರದು ಅಂತ. ಅಂದರೆ ಮಳೆಗಾಲಕ್ಕೂ ವಾಪಸ್ ಬರೋದು ಖಾತ್ರಿ ಇಲ್ಲ. ನನ್ನ ಹಿಂದೆ ಯಾರೋ "ಏ, ಅದು ನಮ್ಮ ಕಾಕಾನ ಮನೀ" ಅಂದರು. ಸಿನಿಮಾ ಮುಗಿದ ಮೇಲೆ ಆ ಹುಡುಗ ಒಂದು ಮಾತು ಹೇಳಿದ. ಇಂಗ್ಲಿಷ್ ಸಬ್‌ಟೈಟಲ್ ಇಲ್ಲದೆ ಹೊರಗಿನ ಉತ್ಸವದವರು ತಗೊಳ್ಳಲ್ಲ, 'ಗುಳೆ' ಅನ್ನೋದಕ್ಕೆ ಯಾವ ಇಂಗ್ಲಿಷ್ ಪದ ಹಾಕಿದರೂ ಬೀಗ, ಮುದುಕ, ಗಂಟುಮೂಟೆ ಯಾವುದೂ ಅದರೊಳಗೆ ಬರಲ್ಲ ಅಂತ. ಒಂದೊಂದು ಉತ್ಸವಕ್ಕೂ ಪ್ರವೇಶ ಶುಲ್ಕ ಬೇರೆ. ಅವನ ಅಪ್ಪ ಕೂಲಿ ಮಾಡುತ್ತಾರೆ. ಪ್ರತಿಭೆ ಇದ್ದರೆ ಯಾರು ಬೇಕಾದರೂ ಮೇಲೆ ಬರಬಹುದು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬಾಗಿಲಲ್ಲೇ ಇಷ್ಟು ಖರ್ಚಿದ್ದರೆ ಹೇಗೆ ಬರೋದು?

ಎರಡನೆಯದು ದೇವದಾಸಿ ತಾಯಿಯ ಮಗಳು ಮಾಡಿದ್ದು. ಮುತ್ತು ಕಟ್ಟುವುದನ್ನು ನಿಷೇಧಿಸಿ 1982ರಲ್ಲೇ ಕಾಯ್ದೆ ಬಂದಿದೆ. ಆದರೆ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟರೆ ಏನಾಗುತ್ತೆ ಅನ್ನೋದು ಕಾಯ್ದೆ ಓದಿದರೆ ಗೊತ್ತಾಗಲ್ಲ. ಸಿನಿಮಾ ನೋಡಿದರೆ ಗೊತ್ತಾಗುತ್ತೆ. ಅದರ ಬಗ್ಗೆ ಜಾಸ್ತಿ ಬರೆಯಲಾರೆ. ಅವಳು ಹೇಳಿದಷ್ಟು ಸರಿಯಾಗಿ ನನಗೆ ಹೇಳಲು ಬರಲ್ಲ.

ನಡುವೆ ಕರೆಂಟ್ ಹೋಯಿತು, ಬಂತು. ಒಂದು ಸಿನಿಮಾದ ಹೆಸರುಗಳೆಲ್ಲ ಪರದೆ ಮೇಲೆ ಒತ್ತಕ್ಷರ ಕಳಚಿಕೊಂಡು ಬಂದವು. ಯಾವುದೋ ಹಳೇ ಫಾಂಟ್ ಸಮಸ್ಯೆ. ತಮ್ಮ ಹೆಸರು ಮೊದಲ ಸಲ ಪರದೆ ಮೇಲೆ ಬರುವಾಗ ಒಡೆದು ಬಂದರೆ ಯಾರಿಗಾದರೂ ಸಂಕಟವೇ. ಆ ಹುಡುಗರು ಮೈಕ್ ಹಿಡಿದು ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದಿದರು, ಲೈಟ್ ಹಿಡಿದವನದ್ದೂ ಚಹಾ ತಂದವನದ್ದೂ ಬಿಡಲಿಲ್ಲ.

ಊಟಕ್ಕೆ ಮುಂಚೆ ಬಂದದ್ದು ರೊಟ್ಟಿ ಸಿನಿಮಾ. ಮಾಡಿದ ಹುಡುಗಿಗೆ ಇಪ್ಪತ್ತೆರಡು ವರ್ಷ. ಅವಳ ತಾಯಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡುತ್ತಾರೆ. ಹದಿನಾಲ್ಕು ನಿಮಿಷ ಕ್ಯಾಮೆರಾ ಹೆಚ್ಚುಕಮ್ಮಿ ತಾಯಿಯ ಕೈ ಬಿಟ್ಟು ಕದಲಲ್ಲ. ಕುದಿಯುವ ನೀರು ಹಿಟ್ಟಿಗೆ ಬೀಳುತ್ತೆ, ಕೈ ಸುಡುವಾಗಲೇ ನಾದುತ್ತಾರೆ. ಉಂಡೆ ಅಂಗೈಯಡಿ ತಿರುಗುತ್ತಾ ತಿರುಗುತ್ತಾ ಅಗಲ ಆಗುತ್ತೆ. ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಆಡಿಸುತ್ತಾರೆ. ಇಷ್ಟಕ್ಕೂ ಹಿನ್ನೆಲೆಯಲ್ಲಿ ಕೊಳಲಿನ ಸಂಗೀತ. ನನಗೆ ತುಂಬಾ ಇಷ್ಟವಾಯಿತು, ಕಣ್ಣೂ ಒದ್ದೆಯಾಯಿತು.

ಚರ್ಚೆ ಶುರುವಾದಾಗ ಎರಡನೇ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಮೈಕ್ ಬೇಡ ಅಂದರು.

"ತಂಗೀ, ಎಲ್ಲಾ ಛಲೋ ತಗದಿ. ಆದ್ರ ರೊಟ್ಟಿ ಬಡಿಯೋ ಸಪ್ಪಳ ಎಲ್ಲಿ ಹೋತು? ಅದರ ಮ್ಯಾಲ ಪೀಪಿ ಯಾಕ ಊದಿಸಿದಿ?"

ಹುಡುಗಿ ಒಂದು ಕ್ಷಣ ಸುಮ್ಮನಾದಳು. "ಅಲ್ಲಬೇ ಅಮ್ಮಾ, ಬರೇ ಸಪ್ಪಳಾದ್ರ ಮಂದಿಗೆ ಬ್ಯಾಸರ ಆಕ್ಕೈತಿ ಅಂತ..."

"ಆ ಸಪ್ಪಳ ಕೇಳಿದ್ರನ ಗೊತ್ತಾಕ್ಕೈತಿ, ಹಿಟ್ಟು ಹದಕ್ಕ ಬಂದೈತೋ ಇಲ್ಲೋ ಅಂತ. ನಿಮ್ಮವ್ವನ್ನ ಕೇಳು."

ತಾಯಿ ಅಲ್ಲೇ ಮುಂದಿನ ಸಾಲಿನಲ್ಲಿದ್ದರು. ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು ಹೌದು ಅನ್ನುವ ಹಾಗೆ ತಲೆ ಆಡಿಸಿದರು. ಎಷ್ಟೋ ಉತ್ಸವಗಳಲ್ಲಿ ಕೂತಿದ್ದೇನೆ, ಇಷ್ಟು ನೆಟ್ಟಗಿನ ವಿಮರ್ಶೆ ಕೇಳಿದ್ದು ನೆನಪಿಲ್ಲ.

ಸಂಜೆ ಚಹಾದಂಗಡಿಯಲ್ಲಿ ಮಾತು ಭಾಷೆ ಕಡೆ ಹೊರಳಿತು. ದೊಡ್ಡ ಸಿನಿಮಾಗಳಲ್ಲಿ ಈ ಕಡೆಯ ಮಾತು ಬರೋದು ಹೆಚ್ಚಾಗಿ ನಗಿಸೋಕೆ ಅಂತ ಹುಡುಗರಿಗೆ ಬೇಜಾರಿದೆ. ಸಾವಿರ ವರ್ಷಕ್ಕೂ ಹಿಂದೆ, ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಈ ಕೊಪ್ಪಳವೂ ಒಂದು! ತಿರುಳಿನ ಕನ್ನಡ ತಮಾಷೆಯ ಕನ್ನಡ ಹೇಗಾಯಿತೋ. ಅವರಿಗೆಲ್ಲ ಧೈರ್ಯ ಕೊಟ್ಟದ್ದು 'ಶಿವಮ್ಮ' ಸಿನಿಮಾ. ಜೈಶಂಕರ್ ಆರ್ಯರ್ ಇದೇ ಜಿಲ್ಲೆಯ ಯರೇಹಂಚಿನಾಳ ಗ್ರಾಮದಲ್ಲಿ ತೆಗೆದು, 2022ರಲ್ಲಿ ಬೂಸಾನ್ ಉತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ತಂದ ಸಿನಿಮಾ. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸಿನ ಕಥೆ, ಮಾತೆಲ್ಲ ಈ ಕಡೆಯದ್ದೇ. ಯಾರೂ ನಗಲಿಲ್ಲ, ಕೊರಿಯಾದವರು ಕರೆದು ಪ್ರಶಸ್ತಿ ಕೊಟ್ಟರು ಅಂತ ಒಬ್ಬ ಹೇಳಿದ. ಹೇಳುವಾಗ ಅವನ ಮುಖ ನೋಡಬೇಕಿತ್ತು.

ಮರುದಿನ ಬೆಳಿಗ್ಗೆ ಬೇಗ ಎದ್ದು ಗವಿಮಠದ ಬೆಟ್ಟ ಹತ್ತಿದೆ. ಬಂಡೆ ಮೇಲೆ ಅಶೋಕನ ಶಾಸನವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ನನಗೆ ಒಂದಕ್ಷರವೂ ಓದಲು ಬರಲ್ಲ, ಆದರೆ ಅದರಲ್ಲಿ ಏನಿದೆ ಅಂತ ಮೊದಲೇ ಓದಿಕೊಂಡಿದ್ದೆ. ಧರ್ಮದ ದಾರಿಯ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರೂ ಪಟ್ಟು ಹಿಡಿದು ದುಡಿದರೆ ಸಿಗುತ್ತದೆ ಅನ್ನೋ ಅರ್ಥದ ಮಾತು. ಅಲ್ಲೇ ಬಂಡೆ ಪಕ್ಕ ಸ್ವಲ್ಪ ಹೊತ್ತು ಕೂತೆ. ಕೆಳಗೆ ಕೆರೆ, ಮಠ, ಊರು. ಬಿಸಿಲು ಏರುವ ಮೊದಲೇ ಇಳಿದೆ.

ಮಂಟಪಕ್ಕೆ ಬಂದರೆ ವಧುವಿನ ಕೋಣೆಯಲ್ಲಿ ಗಡಿಬಿಡಿ. ಆ ಹುಡುಗಿ ರಾತ್ರಿಯಿಡೀ ಕೂತು ಕೊಳಲಿನ ಟ್ರ್ಯಾಕ್ ತೆಗೆದುಹಾಕಿದ್ದಳು. ಇನ್ನೊಂದು ಸಲ ತೋರಿಸಿ ಅಂತ ಕೇಳುತ್ತಿದ್ದಳು. ಪಟ್ಟಿಯಲ್ಲಿ ಜಾಗ ಇರಲಿಲ್ಲ. ಸಂಘಟಕರು ಸಮಾರೋಪ ಭಾಷಣ ಬಿಟ್ಟು ಆ ಹದಿನಾಲ್ಕು ನಿಮಿಷ ಅವಳಿಗೆ ಕೊಟ್ಟರು. ಇದಕ್ಕೇ ನನಗೆ ಈ ಉತ್ಸವದ ಮೇಲೆ ಇಷ್ಟು ಪ್ರೀತಿ. ಬೇರೆ ಕಡೆ ಸಿನಿಮಾ ಮುಗಿಸಿಕೊಂಡು ಬರುತ್ತಾರೆ, ಬಹುಮಾನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿ ನೋಡಿದವರ ಮಾತು ಕೇಳಿ ರಾತ್ರೋರಾತ್ರಿ ಸಿನಿಮಾ ಬದಲಾಯಿತು. ಇಂಥ ಸಿನಿಮಾಗಳು ಊರೂರು ಸುತ್ತಿ ಕೊನೆಗೆ ಹುಟ್ಟಿದೂರಿಗೆ ಬರೋದಲ್ಲ, ಮೊದಲು ಇಲ್ಲಿ ಓಡಬೇಕು.

ಲೈಟ್ ಆರಿತು. ಫ್ಯಾನುಗಳನ್ನೂ ಆರಿಸಿದರು, ಸಪ್ಪಳ ಸರಿಯಾಗಿ ಕೇಳಲಿ ಅಂತ. ನಿನ್ನೆ ಕೇಳದ್ದೆಲ್ಲ ಕೇಳತೊಡಗಿತು. ದೂರದಲ್ಲಿ ಕೋಳಿ ಕೂಗು, ಪಕ್ಕದ ಮನೆಯ ಕುಕ್ಕರ್, ಹೈವೇ ಲಾರಿ, ತಾಯಿಯ ಬಳೆ. ಆಮೇಲೆ ಅಂಗೈ. ಮೊದಲು ಮಂದವಾಗಿ ದಪ್ ದಪ್, ರೊಟ್ಟಿ ತೆಳ್ಳಗಾದ ಹಾಗೆ ಪಟ ಪಟ ಪಟ. ಒಂದು ರೊಟ್ಟಿ ಮಧ್ಯದಲ್ಲಿ ಸದ್ದು ಸ್ವಲ್ಪ ತಪ್ಪುತ್ತೆ, ಅಂಚು ಬಿರಿಯುತ್ತೆ, ಅವರು ಮುದ್ದೆ ಮಾಡಿ ಮತ್ತೆ ನಾದುತ್ತಾರೆ. ನಿನ್ನೆ ಅದು ನನಗೆ ಕಂಡೇ ಇರಲಿಲ್ಲ. ಮುಂದಿನ ಸಾಲಿನ ಇಬ್ಬರು ಹೆಂಗಸರ ಕೈ ತೊಡೆ ಮೇಲೆ ಅದೇ ಲಯದಲ್ಲಿ ಆಡುತ್ತಿತ್ತು.

ಲೈಟ್ ಬಂದಾಗ ಎಲ್ಲರೂ ಹಿಂದೆ ತಿರುಗಿ ಆ ಅಜ್ಜಿಯನ್ನು ಹುಡುಕಿದರು. ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು, ಬಸ್ಸಿಗೆ ಹೊತ್ತಾಗಿತ್ತು. ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯ ಕೈ ಹಿಡಿದು "ಈಗ ರೊಟ್ಟಿ ಆತು ನೋಡು" ಅಂದರು.