ಬೆಡ್‌ಶೀಟ್ ಯಾವ ದೇಶದ್ದು?

ಪಣಂಬೂರಿನ ಬಂದರಿನ ಹತ್ತಿರ ಕಸ್ಟಮ್ಸ್ ಹೌಸ್ ಏಜೆಂಟರೊಬ್ಬರ ಕಚೇರಿಯಲ್ಲಿ ಒಂಬತ್ತು ವರ್ಷ ಬಿಲ್ ಆಫ್ ಎಂಟ್ರಿ, ಶಿಪ್ಪಿಂಗ್ ಬಿಲ್ ಎಂಬ ಆಮದು-ರಫ್ತಿನ ಕಾಗದಗಳ ನಡುವೆಯೇ ಕಳೆದ ನಾನು, ಹೆಂಡತಿಗೆ ಇಂಗ್ಲೆಂಡಿನಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ 2014ರಲ್ಲಿ ಕೆಂಟ್ ಕೌಂಟಿಗೆ ಬಂದು ನೆಲೆಸಿದೆ. ಇಲ್ಲಿಯೂ ಅದೇ ಕಸುಬು ಕೈ ಹಿಡಿಯಿತು. ಡೋವರ್ ಬಂದರಿನಿಂದ ಅರ್ಧ ಗಂಟೆ ದಾರಿಯಲ್ಲಿರುವ ಸಣ್ಣ ಸರಕು ಸಾಗಣೆ ಸಂಸ್ಥೆಯೊಂದರಲ್ಲಿ, ಐರೋಪ್ಯ ಒಕ್ಕೂಟದ ಹೊರಗಿನ ದೇಶಗಳಿಂದ ಬರುವ ಮಾಲಿನ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಆಗ ನಮ್ಮ ವಿಭಾಗದಲ್ಲಿದ್ದವರು ಮೂವರೇ. ಫ್ರಾನ್ಸ್, ಜರ್ಮನಿ, ನೆದರ್‌ಲೆಂಡ್ಸ್‌ಗಳಿಂದ ಬರುವ ಸಾವಿರಾರು ಲಾರಿಗಳಿಗೆ ನಮ್ಮ ಅಗತ್ಯವೇ ಇರಲಿಲ್ಲ. ಅವು ಹಡಗಿನಿಂದ ಇಳಿದು ನೇರವಾಗಿ ಹೆದ್ದಾರಿ ಹಿಡಿಯುತ್ತಿದ್ದವು. ಟರ್ಕಿಯಿಂದಲೋ ಸ್ವಿಟ್ಜರ್‌ಲೆಂಡಿನಿಂದಲೋ ಬಂದ ಲಾರಿಯ ಚಾಲಕ ಮಾತ್ರ ಕಾಗದದ ಕಟ್ಟು ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದ.

ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ ಎಂಬ 2016ರ ಜೂನ್ 23ರ ಜನಮತಗಣನೆಯಲ್ಲಿ ನಾನೂ ಮತ ಹಾಕಿದ್ದೆ ಎಂದರೆ ಊರಿನಲ್ಲಿ ಅನೇಕರು ನಂಬುವುದಿಲ್ಲ. ಬ್ರಿಟನ್ನಿನಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಆ ಹಕ್ಕಿತ್ತು, ಹಾಗಾಗಿ ಬಂದು ಎರಡೇ ವರ್ಷವಾಗಿದ್ದ, ಭಾರತದ ಪಾಸ್‌ಪೋರ್ಟ್ ಹೊಂದಿದ್ದ ನನಗೆ ಮತಪತ್ರ ಸಿಕ್ಕಿತು. ಪಕ್ಕದ ಮೇಜಿನಲ್ಲಿ ಕುಳಿತು ಹನ್ನೊಂದು ವರ್ಷದಿಂದ ಇಲ್ಲೇ ತೆರಿಗೆ ಕಟ್ಟುತ್ತಿದ್ದ ಪೋಲೆಂಡಿನ ಸಹೋದ್ಯೋಗಿಗೆ, ಅವಳ ಬದುಕಿನ ಬುಡವನ್ನೇ ಅಲುಗಿಸುವ ಪ್ರಶ್ನೆಯಾಗಿದ್ದರೂ, ಸಿಗಲಿಲ್ಲ. ನಾನು ಒಕ್ಕೂಟದಲ್ಲಿ ಉಳಿಯುವುದರ ಪರ ಮತ ಹಾಕಿದೆ. ಹೊಟ್ಟೆಪಾಡಿನ ಲೆಕ್ಕ ನೋಡಿದ್ದರೆ ಹೊರಬರುವ ಕಡೆಗೇ ಹಾಕಬೇಕಿತ್ತು, ಏಕೆಂದರೆ ಗಡಿ ಗಟ್ಟಿಯಾದಷ್ಟೂ ಕಸ್ಟಮ್ಸ್ ಗುಮಾಸ್ತನಿಗೆ ಕೆಲಸ ಹೆಚ್ಚು. ನೂರಕ್ಕೆ 51.9 ಮಂದಿ ಹೊರಬರುವುದನ್ನೇ ಬಯಸಿದರು, ಮತ್ತು ಡೋವರ್ ಸುತ್ತಮುತ್ತ ಆ ಪ್ರಮಾಣ 60ನ್ನೂ ದಾಟಿತ್ತು.

ಹೊರಬರಬೇಕು ಎಂಬವರ ವಾದದ ಒಳಹೊರಗನ್ನು ನನಗೆ ತಿಳಿಸಿದ್ದು ದೂರದರ್ಶನದ ಚರ್ಚೆಗಳಿಗಿಂತ ಹೆಚ್ಚಾಗಿ ನಮ್ಮ ಕಚೇರಿಯ ಒಬ್ಬ ಹಿರಿಯರು. ನಿವೃತ್ತರಾಗಿದ್ದ ಅವರನ್ನು, ಗಡಿಯ ಕಾಗದಪತ್ರ ಬಲ್ಲವರು ಬೇಕೆಂದು, 2020ರ ಕೊನೆಯಲ್ಲಿ ನಮ್ಮ ಮ್ಯಾನೇಜರ್ ಮತ್ತೆ ಕರೆಸಿಕೊಂಡಿದ್ದರು. ಅವರು ಡೋವರ್‌ನಲ್ಲಿ ಹದಿನೆಂಟು ವರ್ಷ ಕಸ್ಟಮ್ಸ್ ಗುಮಾಸ್ತರಾಗಿದ್ದು, 1993ರ ಜನವರಿ 1ರಂದು ಏಕ ಮಾರುಕಟ್ಟೆ ಜಾರಿಗೆ ಬಂದು ಒಕ್ಕೂಟದ ಒಳಗಿನ ಸುಂಕದ ಕಾಗದಗಳೆಲ್ಲ ರದ್ದಾದಾಗ ಕೆಲಸ ಕಳೆದುಕೊಂಡ ಅನೇಕರಲ್ಲಿ ಒಬ್ಬರು. ಅವರ ತಕರಾರು ಕೆಲಸ ಹೋದದ್ದರ ಬಗ್ಗೆ ಮಾತ್ರ ಇರಲಿಲ್ಲ. 1975ರ ಜನಮತಗಣನೆಯಲ್ಲಿ ಅವರು ‘ಸಮಾನ ಮಾರುಕಟ್ಟೆ’ (ಕಾಮನ್ ಮಾರ್ಕೆಟ್) ಎಂದು ಕರೆಯುತ್ತಿದ್ದ ಆಗಿನ ಐರೋಪ್ಯ ಕೂಟದಲ್ಲಿ ಉಳಿಯಲು ಒಪ್ಪಿಗೆ ಕೊಟ್ಟಿದ್ದರು, ಆಮೇಲೆ ಮಾಸ್ಟ್ರಿಕ್ಟ್ ಒಪ್ಪಂದದಿಂದ ಆ ಮಾರುಕಟ್ಟೆ ರಾಜಕೀಯ ಒಕ್ಕೂಟವಾಗಿ ಬೆಳೆದಾಗ ಡೆನ್ಮಾರ್ಕಿನವರನ್ನು ಕೇಳಿದರು, ಫ್ರಾನ್ಸಿನವರನ್ನು ಕೇಳಿದರು, ಬ್ರಿಟನ್ನಿನವರನ್ನು ಯಾರೂ ಕೇಳಲಿಲ್ಲ ಎಂಬುದು ಅವರ ಮಾತು. ಸ್ಪೇನಿನವರ ಹಿಡಿತದಲ್ಲಿದ್ದ ಮೀನುಗಾರಿಕೆ ಹಡಗುಗಳ ಮೊಕದ್ದಮೆಯನ್ನು ಅವರು ಆಗಾಗ ಎತ್ತುತ್ತಿದ್ದರು. ಅಂಥ ಹಡಗುಗಳು ಬ್ರಿಟನ್ನಿಗೆ ನಿಗದಿಯಾಗಿದ್ದ ಮೀನಿನ ಪಾಲನ್ನು ಬಳಸದಂತೆ ತಡೆಯಲು ಸಂಸತ್ತು 1988ರಲ್ಲಿ ಮಾಡಿದ ಕಾಯ್ದೆಯನ್ನು, ಒಕ್ಕೂಟದ ನ್ಯಾಯಾಲಯದ ಅಭಿಪ್ರಾಯ ಬಂದ ಮೇಲೆ, ಲಂಡನ್ನಿನ ನ್ಯಾಯಾಧೀಶರೇ 1990ರಲ್ಲಿ ಬದಿಗಿಟ್ಟರು. ಸಂಸತ್ತಿಗಿಂತ ಮೇಲೆ ಯಾರೂ ಇಲ್ಲ ಎಂದು ಶಾಲೆಯಲ್ಲಿ ಕಲಿತಿದ್ದ ಪೀಳಿಗೆಗೆ ಅದು ಸಣ್ಣ ಪೆಟ್ಟಾಗಿರಲಿಲ್ಲ.

ಇದಕ್ಕೆ ಎದುರು ವಾದವೂ ಗಟ್ಟಿಯಾದದ್ದೇ. ಒಕ್ಕೂಟದ ಕಾನೂನಿಗೆ ಆ ಬಲ ಬಂದದ್ದು ಬ್ರಿಟಿಷ್ ಸಂಸತ್ತೇ 1972ರಲ್ಲಿ ಮಾಡಿದ ಕಾಯ್ದೆಯಿಂದ, ಅದನ್ನು ರದ್ದು ಮಾಡುವ ಅಧಿಕಾರವೂ ಸಂಸತ್ತಿನ ಕೈಯಲ್ಲೇ ಇತ್ತು, ಆದ್ದರಿಂದ ಸಾರ್ವಭೌಮತ್ವ ಎಲ್ಲಿಗೂ ಹೋಗಿರಲಿಲ್ಲ ಎಂಬುದು ಆ ವಾದ. ಸ್ವತಃ ಬ್ರಿಟಿಷ್ ಸರ್ಕಾರವೇ 2017ರ ಫೆಬ್ರುವರಿಯ ಶ್ವೇತಪತ್ರದಲ್ಲಿ, ಸದಸ್ಯತ್ವದ ಉದ್ದಕ್ಕೂ ಸಂಸತ್ತು ಸಾರ್ವಭೌಮವಾಗಿಯೇ ಇತ್ತು, ಆದರೆ ಯಾವಾಗಲೂ ಹಾಗೆ ಅನ್ನಿಸುತ್ತಿರಲಿಲ್ಲ ಎಂಬರ್ಥದ ಮಾತನ್ನು ಬರೆಯಿತು. ನಾನು ಇದನ್ನು ಹಿರಿಯರಿಗೆ ತೋರಿಸಿದಾಗ ಅವರು ನಕ್ಕು, ‘ಬಾಡಿಗೆದಾರ ಇಪ್ಪತ್ತು ವರ್ಷ ಮನೆ ಬಿಡದಿದ್ದರೆ ಮನೆಯ ಪತ್ರ ನನ್ನ ಹೆಸರಿನಲ್ಲಿದ್ದು ಏನು ಪ್ರಯೋಜನ?’ ಎಂದರು. ಉತ್ತರ ಹೊಳೆಯದೆ ನಾನು ಸುಮ್ಮನಾದೆ.

ಈ ಮಾತುಕತೆಗಳೆಲ್ಲ ಚಹಾ ಹೊತ್ತಿನ ಹರಟೆಯಾಗಿಯೇ ಉಳಿಯುತ್ತಿದ್ದವೋ ಏನೋ, 2021ರ ಫೆಬ್ರುವರಿಯಲ್ಲಿ ನಾನೊಂದು ತಪ್ಪು ಮಾಡದೇ ಹೋಗಿದ್ದರೆ. ಬ್ರಿಟನ್ ಒಕ್ಕೂಟದಿಂದ ಹೊರಬಂದದ್ದು 2020ರ ಜನವರಿ 31ಕ್ಕೆ. ಆದರೆ ಹಳೆಯ ನಿಯಮಗಳೇ ಆ ವರ್ಷದ ಡಿಸೆಂಬರ್ 31ರವರೆಗೆ ನಡೆದವು, ಮತ್ತು ಹೊಸ ವ್ಯಾಪಾರ ಒಪ್ಪಂದ ಕುದುರಿದ್ದು ಡಿಸೆಂಬರ್ 24ರಂದು, ಅಂದರೆ ಜಾರಿಗೆ ಎಂಟು ದಿನ ಮೊದಲು. ‘ಸುಂಕವಿಲ್ಲ, ಮಿತಿಯಿಲ್ಲ’ ಎಂಬ ತಲೆಬರಹ ಎಲ್ಲರ ಬಾಯಲ್ಲಿತ್ತು. ನೂರಾರು ಪುಟಗಳ ಆ ಒಪ್ಪಂದದಲ್ಲಿ, ಸುಂಕವಿಲ್ಲದಿರುವುದು ಬ್ರಿಟನ್ ಅಥವಾ ಒಕ್ಕೂಟದ ಮೂಲದ, ಅಂದರೆ ಅಲ್ಲೇ ತಯಾರಾದ, ಸರಕಿಗೆ ಮಾತ್ರ ಎಂದು ಹೇಳುವ ಅಧ್ಯಾಯವನ್ನು ನಿಧಾನವಾಗಿ ಓದುವಷ್ಟು ಪುರಸೊತ್ತು ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಮ್ಮ ಗ್ರಾಹಕರೊಬ್ಬರು ತಮಿಳುನಾಡಿನ ಕರೂರಿನಲ್ಲಿ ನೇಯ್ದು ಹೊಲಿದ ಹತ್ತಿಯ ಬೆಡ್‌ಶೀಟ್‌ಗಳನ್ನು ತರಿಸಿ, ಕೆಂಟ್‌ನ ಗೋದಾಮಿನಲ್ಲಿ ಇಸ್ತ್ರಿ ಹಾಕಿ, ತಮ್ಮ ಹೆಸರಿನ ರಟ್ಟಿನ ಪಟ್ಟಿ ಸುತ್ತಿ, ನೆದರ್‌ಲೆಂಡ್ಸ್‌ನ ಅಂಗಡಿಗಳಿಗೆ ಕಳಿಸುತ್ತಿದ್ದರು. ಬ್ರಿಟನ್ನಿಗೆ ಬರುವಾಗಲೇ ಸುಂಕ ಕಟ್ಟಿ ಆಗಿತ್ತು. ಇನ್‌ವಾಯ್ಸಿನ ಕೆಳಗೆ ‘ಈ ಸರಕು ಬ್ರಿಟನ್ ಮೂಲದ್ದು’ ಎಂಬ ಘೋಷಣೆಯ ವಾಕ್ಯವನ್ನು ನಾನೇ ಟೈಪು ಮಾಡಿ ಕಳಿಸಿದೆ, ಅವರು ಸಹಿ ಹಾಕಿದರು. ಒಂದು ವಾರದ ನಂತರ ಅಲ್ಲಿನ ಏಜೆಂಟರಿಂದ ಒಂದು ಫೋಟೊ ಬಂತು. ತಪಾಸಣೆಗೆಂದು ಬಿಡಿಸಿದ ಬೆಡ್‌ಶೀಟಿನ ಮೂಲೆಯನ್ನು ಯಾರೋ ಹೆಬ್ಬೆರಳಿನಲ್ಲಿ ಮಡಚಿ ಹಿಡಿದಿದ್ದರು. ಅಂಚಿನ ಹೊಲಿಗೆಯೊಳಗೆ ಸೇರಿಸಿ ಹೊಲಿದಿದ್ದ, ಉಗುರಿನಷ್ಟು ಅಗಲದ ಬಿಳಿ ಪಟ್ಟಿಯ ಮೇಲೆ ‘ಮೇಡ್ ಇನ್ ಇಂಡಿಯಾ’ ಎಂದಿತ್ತು. ಫೋಟೊದ ಜತೆ ಒಂದೇ ಸಾಲು: ಮೂಲದ ದಾಖಲೆ ಕೊಡಿ, ಇಲ್ಲವಾದರೆ ನೂರಕ್ಕೆ 12ರಂತೆ ಸುಂಕ ಕಟ್ಟಿ. ಸುಮಾರು 18,000 ಪೌಂಡ್ ಮೌಲ್ಯದ ಮಾಲಿಗೆ 2,160 ಪೌಂಡ್.

ಇಸ್ತ್ರಿ ಹಾಕುವುದು, ಪೊಟ್ಟಣ ಕಟ್ಟುವುದು, ಲೇಬಲ್ ಅಂಟಿಸುವುದು, ಇವು ಯಾವುವೂ ಸರಕಿನ ಮೂಲವನ್ನು ಬದಲಾಯಿಸುವುದಿಲ್ಲ ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಪಣಂಬೂರಿನಲ್ಲಿದ್ದಾಗ ಮಾಲು ಯಾವ ದೇಶದ್ದೆಂದು ಹೇಳುವ ಸರ್ಟಿಫಿಕೇಟ್ ಆಫ್ ಒರಿಜಿನ್ ಇಲ್ಲದೆ ರಿಯಾಯಿತಿ ಸುಂಕ ಕೇಳುವ ಯೋಚನೆಯನ್ನೇ ಮಾಡದ ನಾನು, ಇಲ್ಲಿ ಏಳು ವರ್ಷದ ಅಭ್ಯಾಸಬಲದಿಂದ, ಡೋವರ್‌ನಿಂದ ಆಚೆ ಹೋಗುವ ಮಾಲು ‘ಒಳಗಿನ ಮಾಲು’ ಎಂದೇ ಭಾವಿಸಿದ್ದೆ. ತಪ್ಪು ನನ್ನದೇ.

ಗ್ರಾಹಕರಿಗೆ ಫೋನ್ ಮಾಡಿದಾಗ ಅವರು ಕೂಗಾಡಲಿಲ್ಲ, ಆದರೆ ಅವರು ಕೇಳಿದ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ. ಅವರು ಹೊರಬರುವುದರ ಪರ ಮತ ಹಾಕಿದವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ‘ದುಡ್ಡು ಕೊಟ್ಟು ಕೊಂಡ ಮಾಲು ನನ್ನದು, ಬ್ರಿಟನ್ನಿಗೆ ಸುಂಕ ಕಟ್ಟಿದವನು ನಾನು, ಹೆಸರೂ ನನ್ನದು. ನಾವು ಈಗ ಸ್ವತಂತ್ರರು. ಇದು ಬ್ರಿಟನ್ನಿನ ಮಾಲಲ್ಲ ಎಂದು ಹೇಳಲು ಅವರು ಯಾರು?’

ಇದು ಮೂರ್ಖ ಪ್ರಶ್ನೆಯೇನಲ್ಲ. ಒಕ್ಕೂಟದೊಳಗೆ ಇದ್ದಷ್ಟು ಕಾಲ ಅದು ಸುಂಕ ಒಕ್ಕೂಟವೂ ಆಗಿತ್ತು: ಹೊರಗಿನ ಮಾಲಿಗೆ ಎಲ್ಲ ಸದಸ್ಯರದೂ ಒಂದೇ ಸುಂಕ, ಒಂದು ಬಾಗಿಲಿನಲ್ಲಿ ಕಟ್ಟಿದರೆ ಮುಗಿಯಿತು, ಆಮೇಲೆ ಅದು ಕರೂರಿನದೋ ಕೆಂಟಿನದೋ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಸೌಕರ್ಯಕ್ಕೆ ತೆರಬೇಕಾದ ಬೆಲೆ ಎಂದರೆ ಸ್ವಂತ ಸುಂಕ ನಿಗದಿ ಮಾಡುವ ಹಕ್ಕು ಇಲ್ಲದಿರುವುದು. ಬ್ರಿಟನ್ ಆ ಹಕ್ಕನ್ನು ಬಯಸಿತು, ಪಡೆಯಿತು. ಬ್ರಿಟನ್ ತನ್ನ ಸುಂಕವನ್ನು ನಾಳೆ ಸೊನ್ನೆ ಮಾಡಬಹುದಾದ್ದರಿಂದಲೇ, ಬ್ರಿಟನ್ನಿನ ಮೂಲಕ ಬರುವ ಮಾಲು ನಿಜವಾಗಿ ಎಲ್ಲಿಯದು ಎಂದು ನೆದರ್‌ಲೆಂಡ್ಸ್‌ನ ಅಧಿಕಾರಿ ಬೆಡ್‌ಶೀಟಿನ ಮೂಲೆ ಮಡಚಿ ನೋಡಬೇಕಾಗುತ್ತದೆ. ಗ್ರಾಹಕರಿಗೆ ನಾನು ಹೇಳಿದ್ದು ಇಷ್ಟೇ: ನಮ್ಮ ಗೇಟಿನ ನಿಯಮ ಬರೆಯುವ ಅಧಿಕಾರ ನಮಗೆ ಬಂದಿದೆ, ಹಾಗೆಯೇ ಅವರ ಗೇಟಿನದು ಅವರಿಗಿದೆ, ಮೊದಲು ಆ ಗೇಟು ನಮ್ಮದೂ ಆಗಿತ್ತು. ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ ಪಾಲಾದ ಅಣ್ಣತಮ್ಮಂದಿರ ಹಿತ್ತಿಲಿನ ಹಾಗೆ. ಬೇಲಿ ಹಾಕಿದ ಮೇಲೆ ನನ್ನ ಭಾಗದಲ್ಲಿ ಬಾಳೆ ನೆಡಲು ಯಾರ ಅಪ್ಪಣೆಯೂ ಬೇಡ, ಆದರೆ ಬಾವಿ ಅಣ್ಣನ ಭಾಗದಲ್ಲಿದ್ದರೆ ಕೊಡ ಹಿಡಿದು ಕೇಳಿಯೇ ಹೋಗಬೇಕು.

ಈ ಅಂಶ ನನ್ನ ತಲೆಗೆ ಹತ್ತಲು ಊರಿನ ನೆನಪೂ ನೆರವಾಯಿತು. ಬ್ರಿಟನ್ ಒಕ್ಕೂಟಕ್ಕೆ ಬಿಡುಗಡೆಯ ಅಧಿಕೃತ ನೋಟಿಸು ಕೊಟ್ಟದ್ದು 2017ರ ಮಾರ್ಚ್ 29ರಂದು. ಮೂರು ತಿಂಗಳ ನಂತರ, ಜುಲೈ 1ರಂದು ಭಾರತದಲ್ಲಿ ಜಿಎಸ್‌ಟಿ ಬಂದು, ಮಂಗಳೂರು ಮತ್ತು ಕಾಸರಗೋಡಿನ ನಡುವೆ ಲಾರಿಗಳನ್ನು ಗಂಟೆಗಟ್ಟಲೆ ನಿಲ್ಲಿಸುತ್ತಿದ್ದ ವಾಣಿಜ್ಯ ತೆರಿಗೆಯ ತಪಾಸಣೆ ಹೋಯಿತು. ಅದಕ್ಕಾಗಿ ರಾಜ್ಯಗಳು ತಮ್ಮ ಮಾರಾಟ ತೆರಿಗೆಯ ದರ ತಾವೇ ನಿಗದಿ ಮಾಡುವ ಅಧಿಕಾರವನ್ನು ಬಹುಪಾಲು ಮಂಡಳಿಯೊಂದಕ್ಕೆ ಒಪ್ಪಿಸಿದವು, ಮತ್ತು ಆ ಬಗ್ಗೆ ರಾಜ್ಯಗಳ ಗೊಣಗಾಟ ಇನ್ನೂ ನಿಂತಿಲ್ಲ. ಭಾರತದ ರಾಜ್ಯಗಳು ಸಾರ್ವಭೌಮ ದೇಶಗಳಲ್ಲ, ಹೋಲಿಕೆಯನ್ನು ಎಳೆದಾಡಬಾರದು. ಆದರೂ ಲಾರಿ ನಿಲ್ಲದಿರಬೇಕಾದರೆ ಯಾರಾದರೂ ಪೆನ್ನು ಕೆಳಗಿಡಬೇಕಾಗುತ್ತದೆ ಎಂಬುದನ್ನು ನಾನು ಎರಡು ಕಡೆಯೂ ನೋಡಿದ್ದೇನೆ.

ಅಂದಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಹೊಸ ಗ್ರಾಹಕರು ಬಂದರೆ, ದರ ಹೇಳುವ ಮೊದಲು, ಮಾಲು ಎಲ್ಲಿ ತಯಾರಾಯಿತು ಮತ್ತು ಇಲ್ಲಿ ಅದಕ್ಕೆ ಏನು ಮಾಡಿದಿರಿ ಎಂದು ಲಿಖಿತವಾಗಿ ಕೇಳುತ್ತೇನೆ, ಅನುಮಾನ ಬಂದರೆ ಒಂದು ಮಾದರಿ ತರಿಸಿ ಒಳಗಿನ ಲೇಬಲ್ ನೋಡುತ್ತೇನೆ. ಆಚೆಯ ಸುಂಕ ಕಟ್ಟುವುದು ಮಾರಿದವರೋ ಕೊಂಡವರೋ ಎಂಬುದನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳುತ್ತೇನೆ. ಮರದ ಪ್ಯಾಲೆಟ್‌ಗಳ ಮೇಲೆ, ಶಾಖ ಕೊಟ್ಟು ಹುಳು ಕೊಂದದ್ದಕ್ಕೆ ಗುರುತಾಗಿ, ತೆನೆಯ ಚಿತ್ರದ ಮುದ್ರೆ ಇದೆಯೇ ಎಂದು ನೋಡುವುದೂ ಅಭ್ಯಾಸವಾಯಿತು. ತಮಾಷೆ ಏನೆಂದರೆ, ಆ ನಿಯಮ ಲಂಡನ್ನಿನದೂ ಅಲ್ಲ, ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನದೂ ಅಲ್ಲ. ಗಿಡಮರಗಳ ರೋಗ ತಡೆಯುವ ಅಂತರರಾಷ್ಟ್ರೀಯ ಒಡಂಬಡಿಕೆಯದು, ಭಾರತವೂ ಅದನ್ನು ಪಾಲಿಸುತ್ತದೆ.

ಕಾಗದಪತ್ರದ ಕೆಲಸದಲ್ಲಿ ನನಗೆ ಇವತ್ತಿಗೂ ಕಸಿವಿಸಿಯಾಗುವುದು ಬ್ರಿಟನ್ನಿಗೇ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ಮಾಲು ಕಳಿಸುವಾಗ. ಐರ್ಲೆಂಡ್ ದ್ವೀಪದ ಮಧ್ಯೆ ಮತ್ತೆ ಗಡಿಚೌಕಿಗಳು ಬಂದರೆ 1998ರ ಶಾಂತಿ ಒಪ್ಪಂದಕ್ಕೆ ಧಕ್ಕೆಯಾದೀತೆಂದು, ಉತ್ತರ ಐರ್ಲೆಂಡನ್ನು ಸರಕಿನ ಮಟ್ಟಿಗೆ ಒಕ್ಕೂಟದ ನಿಯಮಗಳೊಳಗೇ ಉಳಿಸಿ, ತಪಾಸಣೆಯ ಗೆರೆಯನ್ನು ಸಮುದ್ರದಲ್ಲಿ ಎಳೆದರು. 2023ರ ಫೆಬ್ರುವರಿಯ ವಿಂಡ್ಸರ್ ಒಪ್ಪಂದದಿಂದ ಎಷ್ಟೋ ಸಡಿಲವಾಗಿದ್ದರೂ, ಸ್ವಂತ ದೇಶದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಸರಕಿನ ವಿವರವನ್ನು ಇಂದಿಗೂ ಸಲ್ಲಿಸಬೇಕು. ಸಾರ್ವಭೌಮತ್ವದ ಹೆಸರಿನಲ್ಲಿ ನಡೆದ ಹೋರಾಟದ ಫಲ ಇದು ಎಂದರೆ ಹಿರಿಯರಿಗೂ ಮುಖ ಸಣ್ಣದಾಗುತ್ತಿತ್ತು.

ಇನ್ನೊಂದು ಕಡೆ ನಮ್ಮದೇ ಗೇಟಿನ ಕಥೆ. ಒಕ್ಕೂಟ ತನ್ನ ತಪಾಸಣೆಯನ್ನು 2021ರ ಮೊದಲ ದಿನದಿಂದಲೇ ಆರಂಭಿಸಿತು. ಬ್ರಿಟನ್ ಮಾತ್ರ, ಬೆಲೆ ಏರಿಕೆಯ ಮತ್ತು ಕೊರತೆಯ ಭಯದಿಂದ, ಆಹಾರ ಪದಾರ್ಥಗಳ ತಪಾಸಣೆಯನ್ನು ಪದೇ ಪದೇ ಮುಂದೂಡಿ, 2024ರ ಏಪ್ರಿಲ್ 30ಕ್ಕೆ ಶುರು ಮಾಡಿತು. 2025ರ ಮೇ 19ರಂದು ಲಂಡನ್ನಿನಲ್ಲಿ ಸೇರಿದ ಎರಡೂ ಕಡೆಯವರು, ಆಹಾರ ಮತ್ತು ಸಸ್ಯಗಳ ವಿಷಯದಲ್ಲಿ ಬ್ರಿಟನ್ ಒಕ್ಕೂಟದ ನಿಯಮಗಳನ್ನು ಬದಲಾದಂತೆಲ್ಲ ಅನುಸರಿಸುವ ಒಪ್ಪಂದದತ್ತ ಸಾಗಲು ನಿರ್ಧರಿಸಿದರು. ಆ ಹೊತ್ತಿಗೆ ಮತ್ತೊಮ್ಮೆ ನಿವೃತ್ತರಾಗಿದ್ದ ಹಿರಿಯರು ಫೋನ್ ಮಾಡಿ, ‘ಮೊದಲು ಕೂತು ಮತ ಹಾಕಿ ಒಪ್ಪುತ್ತಿದ್ದೆವು, ಇನ್ನು ಮತ ಹಾಕದೆ ಒಪ್ಪುತ್ತೇವೆ’ ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಆಯಾಸ ಕೇಳಿಸಿತು.

ಅದೇ ವರ್ಷದ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಒಕ್ಕೂಟದಲ್ಲಿ ಇದ್ದಿದ್ದರೆ ಬ್ರಿಟನ್ ಒಂದೇ ಇಂಥ ಸಹಿ ಹಾಕುವಂತಿರಲಿಲ್ಲ, ಹಾಗಾಗಿ ಹೊರಬರುವವರ ವಾದದಲ್ಲಿ ಹುರುಳಿತ್ತು ಎಂದು ನಾನು ಒಪ್ಪುತ್ತೇನೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬೆಡ್‌ಶೀಟಿನ ಗ್ರಾಹಕರ ಫೋನ್ ಬಂತು. ಒಪ್ಪಂದ ಜಾರಿಯಾದ ಮೇಲೆ ಕರೂರಿನಿಂದ ಬರುವ ಮಾಲಿಗೆ ಇಲ್ಲಿ ಸುಂಕ ಇರುವುದಿಲ್ಲವಲ್ಲವೇ ಎಂದು ಕೇಳಿದರು, ಹೌದೆಂದೆ. ಹಾಗಾದರೆ ಹಳೆಯಂತೆ ಇಲ್ಲಿ ತರಿಸಿ, ಪಟ್ಟಿ ಸುತ್ತಿ, ನೆದರ್‌ಲೆಂಡ್ಸ್‌ಗೆ ಕಳಿಸಬಹುದೇ ಎಂದರು. ಹೊಲಿಗೆಯೊಳಗಿನ ಆ ಬಿಳಿ ಪಟ್ಟಿ ಈಗಲೂ ಹಾಗೇ ಇದೆಯೇ ಎಂದು ನಾನು ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಅವರು, ತೂತುಕುಡಿಯಿಂದ ನೇರವಾಗಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ಗೆ ಒಂದು ಕಂಟೇನರಿನ ಬಾಡಿಗೆ ಎಷ್ಟಾದೀತು ಎಂದು ಕೇಳಿದರು.